ಪೀಪಿಯ ಸರದಿ

ಫೆಬ್ರವರಿ ೨

ಅಜ್ಜಾ,

ನಾನು ಬಟಾಣಿ. ಈ ಕಾಗದ ಬರೆಯೋದು ಅಮ್ಮನಿಗೆ ಗೊತ್ತಿಲ್ಲ, ಅಪ್ಪನಿಗೆ ಗೊತ್ತು. ಅಪ್ಪ ಅಂಚೆಚೀಟಿ ಕೊಟ್ಟು "ನಾನೇನೂ ನೋಡಿಲ್ಲಮ್ಮ" ಅಂತ ಹೇಳಿ ಸ್ಪ್ಯಾನರ್ ತೊಳೆಯೋಕೆ ಹೋದರು. ಫೋನ್ ಮಾಡಿದರೆ ನಿನಗೆ ಕೇಳಿಸಲ್ಲ. ನೀನು "ಏನು? ಏನು?" ಅಂತ ಕೂಗ್ತೀಯ, ಆಗ ಅಮ್ಮನಿಗೆ ಗೊತ್ತಾಗಿಬಿಡತ್ತೆ.

ವಿಷಯ ಏನಂದ್ರೆ ಏಪ್ರಿಲ್ ೨೦ಕ್ಕೆ ನಮ್ಮ ಹುಟ್ಟುಹಬ್ಬ. ಹೋದ ವರ್ಷ ನನ್ನ ಸರದಿ. ನಾನು ಆಕಾಶ ಅಂದೆ, ಮನೆ ತುಂಬ ಚುಕ್ಕಿ ಅಂಟಿಸಿದ್ವಿ, ಬಂದವರಿಗೆಲ್ಲ ಚುಕ್ಕಿ ಟೋಪಿ. ಅದರ ಹಿಂದಿನ ವರ್ಷ ಪೀಪಿ ಸರದಿ, ಕಾಡು. ಒಂದು ವರ್ಷ ಅವನು ಹೇಳಿದ್ದು, ಒಂದು ವರ್ಷ ನಾನು ಹೇಳಿದ್ದು. ನಾವು ಜಗಳ ಆಡಬಾರದು ಅಂತ ಅಮ್ಮನೇ ಮಾಡಿದ ಕಾನೂನು. ಈ ವರ್ಷ ಪೀಪಿ ಸರದಿ. ಅವನು ಆಗಲೇ ರೈಲ್ವೆ ಸ್ಟೇಷನ್ ಅಂತ ಹೇಳಿಟ್ಟಿದ್ದ. ಜ್ವರ ಬರೋಕೆ ಮುಂಚೆನೇ ಹೇಳಿದ್ದ.

ಈಗ ಅಮ್ಮ ಈ ವರ್ಷ ಹುಟ್ಟುಹಬ್ಬ ಇಲ್ಲ ಅಂತಾಳೆ. "ಆಗ ಅವನ ಸರದಿ ಹೋಗಿಬಿಡತ್ತಲ್ಲ" ಅಂದೆ. ಅಮ್ಮ ಒಳಗೆ ಹೋಗಿ ನಲ್ಲಿ ಬಿಟ್ಟಳು. ಅಳೋವಾಗ ಅವಳು ನಲ್ಲಿ ಬಿಡ್ತಾಳೆ, ನಮಗೆ ಗೊತ್ತಾಗಲ್ಲ ಅಂದ್ಕೊಂಡಿದ್ದಾಳೆ.

ಇದು ಮೋಸ ಅಜ್ಜ. ಸತ್ತುಹೋದವರ ಸರದಿ ತಿಂದುಹಾಕೋದು ಎಲ್ಲಕ್ಕಿಂತ ದೊಡ್ಡ ಮೋಸ. ನೀನು ನಾಟಕಕ್ಕೆ ಪರದೆ ಬರೀತೀಯಲ್ಲ, ನಮಗೊಂದು ಸ್ಟೇಷನ್ ಬರೆದುಕೊಡು. ಪರದೆ ಬಂದುಬಿಟ್ಟರೆ ಅಮ್ಮ ಏನೂ ಮಾಡೋಕಾಗಲ್ಲ. ಯಾರಿಗೂ ಹೇಳಬೇಡ.

ಬಟಾಣಿ


ಫೆಬ್ರವರಿ ೧೧

ಮಗಳೇ,

ಐದು ತಿಂಗಳಿಂದ ನಿನಗೆ ಬರೆಯೋಕೆ ಕೂರ್ತೀನಿ. "ಮಗಳೇ" ಅಂತ ಬರೆದು, ಮುಂದೆ ಏನು ಅಂತ ತೋಚದೆ ಆ ಹಾಳೆಯಲ್ಲೇ ಕುಂಚ ಒರೆಸಿಬಿಡ್ತೀನಿ. ಇವತ್ತು ಬರೆಯೋಕೆ ಒಂದು ಕಾರಣ ಸಿಕ್ಕಿದೆ.

ಬಟಾಣಿ ನನಗೊಂದು ಕಾಗದ ಹಾಕಿದ್ದಾಳೆ. ಯಾರಿಗೂ ಹೇಳಬೇಡ ಅಂತ ಕಟ್ಟಪ್ಪಣೆ ಮಾಡಿದ್ದಾಳೆ. ಆ ಮಾತು ಮುರೀತಿದ್ದೀನಿ. ನಿನ್ನ ಬೆನ್ನ ಹಿಂದೆ ಏನಾದರೂ ಮಾಡೋ ಯೋಗ್ಯತೆ ನನಗಿನ್ನು ಉಳಿದಿಲ್ಲ. ಕಾಗದ ಇದರ ಜೊತೆಗೇ ಇಟ್ಟಿದ್ದೀನಿ, ಓದು. ಅವಳನ್ನ ಬೈಬೇಡ. ನಿನ್ನ ಗಂಡನನ್ನೂ ಬೈಬೇಡ, ಪಾಪ, ಆ ಮನುಷ್ಯ ಒಂದು ಅಂಚೆಚೀಟಿ ಕೊಟ್ಟಿದ್ದಾನೆ ಅಷ್ಟೇ.

ಸ್ಟೇಷನ್ ಬರೆಯೋದು ನನಗೆ ಕಷ್ಟವಲ್ಲ. ಈಗ ರಂಗಮಂದಿರದಲ್ಲಿ ನನಗೆ ಹೆಚ್ಚು ಕೆಲಸವೂ ಇಲ್ಲ. ಹೊಸಬರೆಲ್ಲ ಪರದೆಯ ಬದಲು ಬೆಳಕಲ್ಲೇ ಎಲ್ಲ ತೋರಿಸಿಬಿಡ್ತಾರೆ. ಹಿಂದಿನ ಶೆಡ್ಡಿನಲ್ಲಿ ನಾನೂ ನನ್ನ ಬಣ್ಣದ ಡಬ್ಬಗಳೂ ಇದ್ದೀವಿ, ಕಾವಲುಗಾರ ದಿನಕ್ಕೆರಡು ಸಲ ಬಂದು ನಾನು ಉಸಿರಾಡ್ತಿದ್ದೀನಾ ಅಂತ ನೋಡಿ ಹೋಗ್ತಾನೆ.

ಬರೀ ಅಂದರೆ ಬರೀತೀನಿ. ಬೇಡ ಅಂದರೆ ಕುಂಚ ಮುಟ್ಟೋದಿಲ್ಲ. ನಿನ್ನ ಮಾತೇ ಕೊನೆ.

ಅಪ್ಪ


ಫೆಬ್ರವರಿ ೧೯

ಅಪ್ಪನಿಗೆ,

ಬೇಡ.

ಒಂದೇ ಪದ ಬರೆದು ಮುಚ್ಚಿಬಿಡೋಣ ಅಂತಿದ್ದೆ. ಆದರೆ ನಾನೇನೋ ಕಲ್ಲುಮನಸ್ಸಿನವಳು ಅಂತ ನೀವು ತಿಳಕೊಳ್ಳೋದೂ ನನಗೆ ಬೇಡ, ಅದಕ್ಕೆ ಮುಂದುವರಿಸ್ತಿದ್ದೀನಿ.

ಕಾರ್ಖಾನೆಯಲ್ಲಿ ಈಗ ಹೊಸ ವರ್ಷದ ಶಾಲಾ ಯೂನಿಫಾರ್ಮಿನ ಕೆಲಸ. ಎಂಟು ವರ್ಷದ ಅಳತೆ ನನ್ನ ಮೇಜಿಗೇ ಬರತ್ತೆ. ಎದೆ ಇಪ್ಪತ್ತಾರು, ಉದ್ದ ಹದಿನೆಂಟು. ಹುಡುಗಿಯರದ್ದು ಕತ್ತರಿಸ್ತೀನಿ. ಹುಡುಗರ ಶರ್ಟಿನ ಥಾನು ಬಂದರೆ ಪಕ್ಕದವಳ ಜೊತೆ ಮೇಜು ಬದಲಾಯಿಸಿಕೊಳ್ತೀನಿ. ಅವಳು ಯಾಕೆ ಅಂತ ಕೇಳಲ್ಲ. ಎದ್ದು ಬರ್ತಾಳೆ.

ಏಪ್ರಿಲ್ ಇಪ್ಪತ್ತಕ್ಕೆ ಬಟಾಣಿಗೆ ಎಂಟು ಆಗತ್ತೆ. ಅವನು ಏಳರಲ್ಲೇ ನಿಂತುಬಿಡ್ತಾನೆ. ಇವತ್ತಿನವರೆಗೂ ಇಬ್ಬರಿಗೂ ಏಳು ಅಪ್ಪ. ಅವನು ಇಲ್ಲದಿದ್ದರೂ ಏಳು. ಆ ಒಂದು ದಿನ ದಾಟಿಬಿಟ್ಟರೆ ಅವರಿಬ್ಬರನ್ನೂ ಸೇರಿಸಿ ಹೇಳೋಕೆ ನನ್ನ ಹತ್ತಿರ ಮಾತೇ ಇರಲ್ಲ. ಹುಟ್ಟಿದಾಗಿನಿಂದ ಅವಳಿ ಅವಳಿ ಅಂತ ಹೇಳಿಕೊಂಡು ಬಂದೆ, ಆವತ್ತಿಗೆ ಅದು ಮುಗೀತು. ಆ ದಿನಕ್ಕೆ ಬಣ್ಣದ ಕಾಗದ ಕಟ್ಟಿ, ಕೇಕ್ ಕತ್ತರಿಸಿ, ಥೀಮ್ ಪಾರ್ಟಿ ಮಾಡು ಅಂತೀರಾ?

ಇನ್ನು ನಿಮ್ಮ ವಿಷಯ. ಪೀಪಿ ಆಸ್ಪತ್ರೆಯಲ್ಲಿದ್ದಾಗ ಸೋಮವಾರ ಬೆಳಗ್ಗೆ ನಾನು ಹೇಳಿಕಳಿಸಿದ್ದು. ಬಸ್ಸಿನಲ್ಲಿ ಒಂಬತ್ತು ಗಂಟೆ ದಾರಿ. ನೀವು ಬಂದಿದ್ದು ಬುಧವಾರ ಸಂಜೆ, ಎಲ್ಲ ಮುಗಿದ ಮೇಲೆ. ನಿಮ್ಮ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಇತ್ತು. ಎರಡು ದಿನವೂ ನಿಂತು ಬಣ್ಣ ಬಳೀತಿದ್ದಿರಿ. ಅವನು ನಿಮ್ಮನ್ನ ಎರಡು ಸಲ ಕೇಳಿದ. ಎರಡನೇ ಸಲ ನಾನು "ಬಸ್ಸಿನಲ್ಲಿದ್ದಾರೆ ಕಂದ" ಅಂತ ಸುಳ್ಳು ಹೇಳಿದೆ. ನನ್ನ ಮಗನಿಗೆ ನಾನು ಕೊನೆಗೆ ಹೇಳಿದ ಮಾತು ಒಂದು ಸುಳ್ಳು, ಅದೂ ನಿಮ್ಮಿಂದ.

ಪರದೆ ಬೇಡ.

ನಿಮ್ಮ ಮಗಳು


ಫೆಬ್ರವರಿ ೨೭

ಮಗಳೇ,

ಸರಿ. ಬರೆಯೋದಿಲ್ಲ. ಬಟಾಣಿಗೂ ನಾನೇ ಹೇಳಿಬಿಡ್ತೀನಿ, ನಿನ್ನ ಮೇಲೆ ಹಾಕೋದಿಲ್ಲ. ಅಜ್ಜನಿಗೆ ಕೈ ನೋವು ಅಂತೀನಿ.

ಉಗುರಿನ ಬಣ್ಣ ನೀನು ನೋಡಿದ್ದೆ ಅಂತ ನನಗೆ ಗೊತ್ತಿರಲಿಲ್ಲ.

ಅಪ್ಪ


ಮಾರ್ಚ್ ೧೩

ಅಪ್ಪನಿಗೆ,

ನಿಮ್ಮ ಮೊಮ್ಮಗಳು ನನ್ನನ್ನ ಮೂಲೆಗೆ ತಳ್ಳಿಬಿಟ್ಟಿದ್ದಾಳೆ.

ನಿನ್ನೆ ಊಟದ ಹೊತ್ತಿನಲ್ಲಿ ಪಕ್ಕದ ಮೇಜಿನವಳು ಏನೋ ಕೈಯಲ್ಲಿ ಮುಚ್ಚಿಟ್ಟುಕೊಂಡು ಬಂದು ನಿಂತಳು. ಅವಳ ಮಗನೂ ಬಟಾಣಿಯೂ ಒಂದೇ ಕ್ಲಾಸು. "ಅಕ್ಕ, ಇದು ನಿಮಗೆ ಗೊತ್ತಾ?" ಅಂದಳು. ನೋಡಿದರೆ ಒಂದು ರೈಲ್ವೆ ಟಿಕೆಟ್. ಯೂನಿಫಾರ್ಮ್ ಡಬ್ಬಿಯ ರಟ್ಟು ಕತ್ತರಿಸಿ ಮಾಡಿದ್ದು, ನಾನೇ ಮನೆಗೆ ತಂದಿದ್ದ ರಟ್ಟು. "ಏಪ್ರಿಲ್ ೨೦, ಸಂಜೆ ೪ ಗಂಟೆ, ಒಬ್ಬರಿಗೆ ಮಾತ್ರ" ಅಂತ ಬರೆದಿದ್ದಾಳೆ. ಕೆಳಗೆ "ಸ್ಟೇಷನ್ ಮಾಸ್ಟರ್: ಪೀಪಿ". ಒಂಬತ್ತು ಮಕ್ಕಳಿಗೆ ಹಂಚಿದ್ದಾಳಂತೆ. ಒಂಬತ್ತು ಮನೆಯವರೂ ವಾರದಿಂದ ಆ ಟಿಕೆಟ್ ಇಟ್ಟುಕೊಂಡು ನನ್ನನ್ನ ಹೇಗೆ ಕೇಳೋದು ಅಂತ ಒದ್ದಾಡ್ತಿದ್ದಾರೆ.

ಮನೆಗೆ ಬಂದು ಕೂಗಾಡಿದೆ. ಸುಳ್ಳು ಹೇಳಲ್ಲ, ಕೈಯೂ ಎತ್ತಿದ್ದೆ. ಅವಳು ಅಳಲಿಲ್ಲ. "ಟಿಕೆಟ್ ಕೊಟ್ಟ ಮೇಲೆ ರೈಲು ಬಿಡಲೇಬೇಕು ಅಮ್ಮ" ಅಂದಳು, ಅಷ್ಟು ನಿಧಾನವಾಗಿ. ಇವರು ಬಾಗಿಲಲ್ಲಿ ನಿಂತಿದ್ದರು. "ಬಿಡೋಣ ಬಿಡು" ಅಂದರು. ಡಿಪೋದಲ್ಲಿ ದಿನವೆಲ್ಲ ಬಸ್ಸಿನ ಕೆಳಗೆ ಮಲಗಿರೋ ಮನುಷ್ಯ, ಆರು ತಿಂಗಳಲ್ಲಿ ಪೀಪಿ ವಿಷಯಕ್ಕೆ ಬಾಯಿ ತೆರೆದದ್ದು ಇದೇ ಮೊದಲು.

ಆದ್ದರಿಂದ ಪರದೆ ಬರೀರಿ. ಮುಂದಿನ ಕೋಣೆಯ ಗೋಡೆ ಹನ್ನೊಂದು ಅಡಿ ನಾಲ್ಕು ಇಂಚು ಅಗಲ, ಎಂಟು ಅಡಿ ಎತ್ತರ. ಮೇಲೆ ಕೋಲು ತೂರಿಸೋಕೆ ಮೂರು ಇಂಚು ಮಡಿಸಿ ಹೊಲಿಸಿ. ಹೊಲಿಗೆ ಸರಿಯಿಲ್ಲದಿದ್ದರೆ ನಾನು ಬಿಚ್ಚಿ ಹೊಲಿಯೋಳೇ, ನಿಮಗೆ ಗೊತ್ತಲ್ಲ.

ನೀವು ಬರೋ ವಿಷಯ ನಾನು ಯೋಚನೆ ಮಾಡಿಲ್ಲ. ಸದ್ಯಕ್ಕೆ ಪರದೆ ಬಂದರೆ ಸಾಕು.

ನಿಮ್ಮ ಮಗಳು


ಮಾರ್ಚ್ ೨೦

ಅಜ್ಜಾ,

ನೀನು ಚಾಡಿಕೋರ. ಆದರೂ ಪರವಾಗಿಲ್ಲ, ಅಮ್ಮ ಹೂಂ ಅಂದಿದ್ದಾಳೆ. ನಿನ್ನ ಕೈ ನೋವು ಸುಳ್ಳು ಅಂತಲೂ ಗೊತ್ತಾಯ್ತು.

ಪೀಪಿ ಹೇಗೆ ಹೇಳಿದ್ದನೋ ಹಾಗೇ ಬರೀಬೇಕು. ಇಂಜಿನ್ ಹೊಗೆ ಬಿಡೋದು ಬೇಕು, ಕರೆಂಟಿಂದು ಬೇಡ. ಅದು ನಮ್ಮ ಕಡೆಗೇ ಬರ್ತಿರಬೇಕು, ಹೋಗ್ತಿರಬಾರದು. ಪ್ಲಾಟ್‌ಫಾರಂ ಮೇಲೆ ಗಡಿಯಾರ ಬೇಕು. ಗಂಟೆ ಬೇಕು. ಒಂದು ನಾಯಿ ಮಲಗಿರಬೇಕು. ನಾಯಿ ನಾನು ಹೇಳಿದ್ದು, ಅವನು ಒಪ್ಪಿಕೊಂಡಿದ್ದ.

ನಮ್ಮ ಕ್ಲಾಸಿನ ಗುಂಗುರು ಕೂದಲಿನವನು ಡ್ರೈವರ್. ನಾನು ಟಿಕೆಟ್ ನೋಡೋಳು. ಉಳಿದವರು ರೈಲಿನ ಡಬ್ಬಿಗಳು, ಒಬ್ಬರ ಹೆಗಲು ಒಬ್ಬರು ಹಿಡ್ಕೊಂಡು ಹೋಗೋದು. ಹಸಿರು ಬಾವುಟ ತೋರಿಸಿದ ಮೇಲೆ ಹಿತ್ತಲು ಸುತ್ತಿ ಬರಬೇಕು. ಅಮ್ಮ ಎಲ್ಲರಿಗೂ ಟೋಪಿ ಹೊಲೀತಿದ್ದಾಳೆ, ತಲೆ ಅಳತೆ ತರೋಕೆ ಟೇಪ್ ಕೊಟ್ಟು ಕಳಿಸಿದ್ದಳು. ಸ್ಟೇಷನ್ ಮಾಸ್ಟರ್ ಪೀಪಿನೇ. ಅವನ ಸ್ಟೂಲಿನ ಮೇಲೆ ಬೇರೆ ಯಾರೂ ಕೂರೋ ಹಾಗಿಲ್ಲ. ಅಮ್ಮ "ಹಾಗಾದ್ರೆ ಬಾವುಟ ಯಾರು ತೋರಿಸ್ತಾರೆ?" ಅಂದಳು. ನಾನು ಯೋಚನೆ ಮಾಡ್ತಿದ್ದೀನಿ. ಇನ್ನೂ ತಿಂಗಳಿದೆಯಲ್ಲ.

ಬೇಗ ಬರೀ.

ಬಟಾಣಿ


ಏಪ್ರಿಲ್ ೪

ಮಗಳೇ,

ಪರದೆ ಇವತ್ತು ಲಾರಿಯಲ್ಲಿ ಹೊರಟಿತು. ಮಡಿಸಿಲ್ಲ, ಕೋಲಿಗೆ ಸುತ್ತಿ ಕಳಿಸಿದ್ದೀನಿ, ಮಡಿಸಿದರೆ ಬಣ್ಣ ಬಿರುಕು ಬಿಡತ್ತೆ. ಮೇಲಿನ ಹೊಲಿಗೆ ನಾನೇ ಹಾಕಿದ್ದು. ಬಿಚ್ಚಿ ಹೊಲಿ, ಬೇಜಾರಿಲ್ಲ.

ಹದಿನೈದು ದಿನ ಊಟ ತಿಂಡಿ ನೆನಪಿಲ್ಲದೆ ಬರೆದೆ. ಕಾವಲುಗಾರ ತಟ್ಟೆ ತಂದಿಟ್ಟು ಬೈದು ಹೋಗ್ತಿದ್ದ. ಹೊಗೆಗೆ ಏಳು ಥರ ಬೂದಿ ಬಣ್ಣ ಕಲಸಿದ್ದೀನಿ. ಬರೆದು ಮುಗಿದ ಮೇಲೆ ಅದನ್ನ ಶೆಡ್ಡಿನ ಬಾಗಿಲಿಗೆ ತೂಗುಹಾಕಿಸಿ, ರಸ್ತೆ ದಾಟಿ ಎದುರಿನ ಅಂಗಡಿ ಮೆಟ್ಟಿಲ ಮೇಲೆ ನಿಂತು ನೋಡಿದೆ. ನನ್ನ ಬಾಯಿಂದ ನಾನೇ ಹೇಳಬಾರದು, ಆದರೂ ಹೇಳ್ತೀನಿ. ಇಂಥದ್ದು ನಾನು ಇನ್ನೊಂದು ಬರೆದಿಲ್ಲ. ಅಂಗಡಿಯವನು ಕಾಲು ಹಿಂದಕ್ಕೆ ತಗೊಂಡ, ರೈಲು ಬಂದೇಬಿಟ್ಟಿತು ಅಂತ.

ಅದರಲ್ಲಿ ಬಟಾಣಿ ಕೇಳದೇ ಇದ್ದದ್ದು ಒಂದು ಸೇರಿಸಿದ್ದೀನಿ. ತಪ್ಪು ಅನಿಸಿದರೆ ಹೇಳು, ಅದರ ಮೇಲೆ ಬಣ್ಣ ಬಳಿಯೋದು ಹೇಗೆ ಅಂತ ತಿಳಿಸ್ತೀನಿ.

ಅಪ್ಪ


ಏಪ್ರಿಲ್ ೯

ಅಪ್ಪನಿಗೆ,

ಪರದೆ ಬಂತು. ಇವರೂ ಮೇಲಿನ ಮನೆಯವರೂ ಸೇರಿ ಗೋಡೆಗೆ ಕಟ್ಟಿದರು. ಬಟಾಣಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು, "ಬಿಡಲಾ? ಬಿಡಲಾ?" ಅಂತ ಕುಣೀತಿದ್ದಳು. ಬಿಡು ಅಂದೆ.

ಏನಪ್ಪಾ ಇದು?

ಕರೀ ಮಸಿ, ಬೂದಿ ಪಟ್ಟೆ, ಅಲ್ಲಲ್ಲಿ ಕೆಂಪು ಚಿಮುಕಿಸಿದ ಹಾಗೆ. ಇಂಜಿನ್ ಎಲ್ಲಿ ಅಂತ ಅವಳು ಗೋಡೆಯ ಈ ತುದಿಯಿಂದ ಆ ತುದಿಗೆ ಹುಡುಕಿಕೊಂಡು ಹೋದಳು. ಗಡಿಯಾರ ಅಂದರೆ ಒಂದು ಬಿಳೀ ಮುದ್ದೆ, ಅದಕ್ಕೆ ಮುಳ್ಳೂ ಇಲ್ಲ. ನಾಯಿ ಯಾವುದು, ನೆಲ ಯಾವುದು ದೇವರಿಗೇ ಗೊತ್ತು. "ಅಜ್ಜನಿಗೆ ಕಣ್ಣೂ ಹೋಯ್ತಾ ಅಮ್ಮ?" ಅಂತ ಕೇಳಿದಳು. ಆಮೇಲೆ ಮಂಚದ ಕೆಳಗೆ ತೂರಿಕೊಂಡು ಮಧ್ಯಾಹ್ನದವರೆಗೂ ಹೊರಗೆ ಬರಲಿಲ್ಲ. ಅವನು ಸತ್ತಾಗಲೂ ಹಾಗೆ ಮಾಡಿದ್ದಳು.

ಹನ್ನೊಂದು ದಿನ ಉಳಿದಿದೆ. ಒಂಬತ್ತು ಟೋಪಿ ಹೊಲಿದು ಇಟ್ಟಿದ್ದೀನಿ. ನೀವು ಮನಸ್ಸಿಟ್ಟು ಬರೆದಿಲ್ಲ ಅಪ್ಪ. ಯಾವುದೋ ಹಳೇ ಬಟ್ಟೆಗೆ ಉಳಿದ ಬಣ್ಣ ಮೆತ್ತಿ ಕಳಿಸಿದ್ದೀರಿ. ಒಂದು ಮಗುವಿಗೆ ಬರಲಿಲ್ಲ, ಇನ್ನೊಂದು ಮಗುವಿಗೂ ಇಷ್ಟೇನಾ ನೀವು?

ನಿಮ್ಮ ಮಗಳು


ಏಪ್ರಿಲ್ ೧೨

ಮಗಳೇ,

ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ಆಮೇಲೆ ಇನ್ನೊಂದು ಸಲ ಓದಿದೆ. ನೀನು ಕಂಡದ್ದು ಎಲ್ಲ ನಿಜ.

ಐವತ್ತು ವರ್ಷ ನಾನು ಬರೆದದ್ದು ಹಿಂದಿನ ಸಾಲಿನಲ್ಲಿ ಕೂತವನಿಗೆ. ಪರದೆಯನ್ನ ನೆಲಕ್ಕೆ ಹಾಸಿ, ಕುಂಚಕ್ಕೆ ಉದ್ದ ಕೋಲು ಕಟ್ಟಿ, ಅದರ ಮೇಲೇ ನಡೆದಾಡ್ತಾ ಬಣ್ಣ ಎಳೆಯೋದು ನಮ್ಮ ಪದ್ಧತಿ. ಪಕ್ಕದಲ್ಲಿ ನಿಂತರೆ ಏನೂ ಕಾಣಲ್ಲ. ಕಾಣಬಾರದು ಕೂಡ. ಅರವತ್ತು ಅಡಿ ಹಿಂದಕ್ಕೆ ಹೋದರೆ ಮಸಿ ಇಂಜಿನ್ ಆಗತ್ತೆ, ಮುದ್ದೆ ಗಡಿಯಾರ ಆಗತ್ತೆ. ಗಡಿಯಾರಕ್ಕೆ ನಾನು ಮುಳ್ಳು ಬರೆದರೆ ನನ್ನ ಗುರು ಕೈಗೆ ಹೊಡೀತಿದ್ದ. ನೀನು ಗೋಡೆಯ ಅಳತೆ ಇಂಚು ಸಮೇತ ಕೊಟ್ಟೆ. ಬಟ್ಟೆ ಅಷ್ಟೇ ಕತ್ತರಿಸಿದೆ. ಆದರೆ ಆ ಕೋಣೆಯಲ್ಲಿ ಮಕ್ಕಳು ಎಷ್ಟು ದೂರದಲ್ಲಿ ನಿಂತಿರ್ತಾರೆ ಅನ್ನೋದು ನನ್ನ ತಲೆಗೆ ಒಂದು ಸಲವೂ ಬರಲಿಲ್ಲ ಮಗಳೇ. ಮನೆಯೊಳಗೆ ನೋಡೋಕೆ ನಾನು ಜೀವಮಾನದಲ್ಲಿ ಏನೂ ಬರೆದಿಲ್ಲ. ನಿನಗೂ ಒಂದು ಗೊಂಬೆ ಬರೆದುಕೊಟ್ಟಿಲ್ಲ.

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆದುಬಿಡ್ತೀನಿ. ಆ ಸೋಮವಾರ ಕಾವಲುಗಾರ ನಿನ್ನ ಮಾತನ್ನ ಚೀಟಿಯಲ್ಲಿ ಬರೆದುಕೊಂಡು ಬಂದ. "ಮಗು ಆಸ್ಪತ್ರೆಯಲ್ಲಿದೆ, ಅಜ್ಜ ಬೇಕು ಅಂತಿದೆ, ತಕ್ಷಣ ಹೊರಡಿ." ಕಿವುಡನ ನೆಪವನ್ನೂ ಹೇಳೋಕಾಗದ ಹಾಗೆ ದುಂಡಗೆ ಬರೆದಿದ್ದ. ಮಧ್ಯಾಹ್ನದ ಬಸ್ಸಿಗೆ ಹೋದೆ. ಟಿಕೆಟ್ಟೂ ತಗೊಂಡೆ. ಬಸ್ಸು ಬಂತು, ಹತ್ತಲಿಲ್ಲ.

ನಿನ್ನ ಅಮ್ಮನ ಪಕ್ಕ ಆಸ್ಪತ್ರೆಯಲ್ಲಿ ಹದಿನಾರು ದಿನ ಕೂತಿದ್ದೆ, ನಿನಗೆ ಗೊತ್ತು. ಈಗ ಅವಳನ್ನ ನೆನೆಸಿಕೊಂಡರೆ ಆ ಹದಿನಾರು ದಿನದ ಮುಖ ಮಾತ್ರ ಬರತ್ತೆ. ಅದಕ್ಕೆ ಹಿಂದಿನ ಮೂವತ್ತು ವರ್ಷದ ಮುಖ ಎಷ್ಟು ತಡಕಿದರೂ ಸಿಗಲ್ಲ. ಪೀಪಿಯದ್ದೂ ಹಾಗಾಗಬಾರದು ಅಂತ ವಾಪಸ್ ಬಂದು, ನಾಟಕದ ಸಮುದ್ರಕ್ಕೆ ನೀಲಿ ಬಳಿದೆ. ಎರಡು ದಿನ ಬಳಿದೆ. ಕೆಲಸ ಇತ್ತು ಅಂತ ಎಲ್ಲರಿಗೂ ಹೇಳಿದೆ. ಕೆಲಸ ಏನೂ ಇರಲಿಲ್ಲ, ಹೆದರಿದ್ದೆ. ನಾನು ಹೇಡಿ. ಅವನು ಕೇಳಿದ ಅಂತ ಗೊತ್ತಿದ್ದೂ ಹೋಗಲಿಲ್ಲ.

ಪರದೆಯನ್ನ ತೊಳೆದು ಒರೆಸೋ ಬಟ್ಟೆ ಮಾಡಿಕೋ. ಒಳ್ಳೇ ಬಟ್ಟೆ, ನೀರು ಚೆನ್ನಾಗಿ ಹೀರತ್ತೆ.

ಅಪ್ಪ


ಏಪ್ರಿಲ್ ೧೫

ಅಪ್ಪಾ,

ನಿಮ್ಮ ಕಾಗದ ಇವತ್ತು ಬೆಳಗ್ಗೆ ಬಂತು. ಅದಕ್ಕೆ ಮುಂಚೆ ನಿನ್ನೆ ಏನಾಯ್ತು ಅಂತ ಹೇಳ್ತೀನಿ.

ನೀವು ಹೇಳೋಕೆ ಮುಂಚೆಯೇ ನಾನು ಪರದೆ ಬಿಚ್ಚಿ ಹಿತ್ತಲ ಕೊನೆಯ ಗೋಡೆಗೆ ನೇತುಹಾಕಿದ್ದೆ, ಕೊಳಾಯಿ ಪೈಪ್ ಹಿಡಿದು ಬಣ್ಣ ತೊಳೆಯೋಣ ಅಂತ. ಪೈಪು ಮೂರನೇ ಮಹಡಿಯವರ ಮನೆಯಲ್ಲಿತ್ತು. ಇಸ್ಕೊಂಡು ಇಳೀತಾ ಮೆಟ್ಟಿಲ ತಿರುವಿನ ಕಿಟಕಿಯಲ್ಲಿ ಸುಮ್ಮನೆ ಹೊರಗೆ ನೋಡಿದೆ.

ರೈಲು ಬರ್ತಿತ್ತು.

ಹೊಗೆ ಹಿಂದಕ್ಕೆ ಬಾಗಿತ್ತು. ಗಡಿಯಾರದಲ್ಲಿ ನಾಲ್ಕು ಗಂಟೆ ಆಗೋಕೆ ಇನ್ನು ಸ್ವಲ್ಪ ಇತ್ತು. ಮುಳ್ಳೇ ಇಲ್ಲದ ಗಡಿಯಾರದಲ್ಲಿ ನಾಲ್ಕು ಹೇಗಪ್ಪ ಬರೆದಿರಿ? ನಾಯಿ ಮಲಗಿತ್ತು. ಪ್ಲಾಟ್‌ಫಾರಮ್ಮಿನ ಈ ತುದಿಯಲ್ಲಿ ಒಬ್ಬ ಹುಡುಗ ರೈಲಿನ ಕಡೆ ಮುಖ ಮಾಡಿ ನಿಂತಿದ್ದ. ಶರ್ಟು ಅರ್ಧ ಹೊರಗೆ, ಅರ್ಧ ಒಳಗೆ. ಎಡಗಾಲ ಮೇಲೆ ಬಲಗಾಲು ಇಟ್ಟುಕೊಂಡಿದ್ದ.

ನಮ್ಮ ಪೀಪಿ ಬಿಟ್ಟರೆ ಹಾಗೆ ಯಾರು ನಿಲ್ತಾರೆ?

ಪೈಪು ಅಲ್ಲೇ ಬಿಸಾಕಿ ಕೆಳಗೆ ಓಡಿದೆ. ಪರದೆಯ ಹತ್ತಿರ ಹೋಗಿ ಅವನನ್ನ ಮುಟ್ಟೋಣ ಅಂದರೆ ಅಲ್ಲಿ ಅವನಿಲ್ಲ. ಮಣ್ಣಿನ ಬಣ್ಣದ ಒಂದು ಗೀಟು, ಅದರ ಕೆಳಗೆ ಎರಡು ಗೀಟು. ಮತ್ತೆ ಮೇಲೆ ಹೋದೆ, ಇದ್ದ. ಕೆಳಗೆ ಬಂದೆ, ಇಲ್ಲ. ಮೂರು ಸಲ ಹತ್ತಿ ಇಳಿದೆ ಅಪ್ಪ, ಹುಚ್ಚಿಯ ಹಾಗೆ. ನಾಲ್ಕನೇ ಸಲ ಮೆಟ್ಟಿಲ ಮೇಲೇ ಕೂತು ಅತ್ತೆ. ಮೂರನೇ ಮಹಡಿಯವರು ಬಾಗಿಲು ತೆರೆದು ನೋಡಿ, ಒಂದು ಲೋಟ ನೀರು ಇಟ್ಟು ಹೋದರು.

ಬಟಾಣಿ ಶಾಲೆಯಿಂದ ಬಂದ ಮೇಲೆ ಕಣ್ಣು ಮುಚ್ಚಿ ಕರಕೊಂಡು ಹೋಗಿ ಕಿಟಕಿಯಲ್ಲಿ ನಿಲ್ಲಿಸಿದೆ. ಬಹಳ ಹೊತ್ತು ನೋಡಿದಳು. "ಅವನು ಲೇಸ್ ಕಟ್ಟಿಲ್ಲ" ಅಂದಳು. ನೀವು ಲೇಸ್ ಬರೆದಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳಿಗೆ ಕಾಣ್ತು.

ಪಾರ್ಟಿ ಹಿತ್ತಲಲ್ಲೇ ಮಾಡ್ತೀವಿ. ಪರದೆ ಆ ಕೊನೆ, ಮಕ್ಕಳು ಈ ಕೊನೆ.

ನಿಮ್ಮ ಕಾಗದ ಎರಡು ಸಲ ಓದಿದೆ. ಕ್ಷಮಿಸಿದ್ದೀನಿ ಅಂತ ಬರೆದರೆ ಅದು ಇನ್ನೊಂದು ಸುಳ್ಳಾಗತ್ತೆ. ಅದು ಯಾವತ್ತು ಆಗತ್ತೋ, ಆಗತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೂ ಬನ್ನಿ. ಹತ್ತೊಂಬತ್ತನೇ ತಾರೀಕು ಬೆಳಗಿನ ಬಸ್ಸು ಹತ್ತಿ. ಹತ್ತಲೇಬೇಕು.

ನಿಮ್ಮ ಮಗಳು


ಏಪ್ರಿಲ್ ೨೪

ಅಪ್ಪಾ,

ಸುಖವಾಗಿ ಊರು ಸೇರಿದ್ದೀರಿ ಅಂದ್ಕೊಂಡಿದ್ದೀನಿ. ಆವತ್ತು ನೀವು ಹಿತ್ತಲಿನ ಈ ಕೊನೆಯಲ್ಲಿ, ಮೆಟ್ಟಿಲ ಹತ್ತಿರ ನಿಂತಿದ್ದಿರಿ. ಎಲ್ಲ ನೋಡಿದಿರಿ, ಚಪ್ಪಾಳೆಯೂ ತಟ್ಟಿದಿರಿ. ಆದರೆ ಅಲ್ಲಿ ಆಡಿದ ಮಾತು ನಿಮ್ಮ ಕಿವಿಗೆ ಬಿದ್ದಿರೋಲ್ಲ. ನೀವು ಇರೋವಾಗಲೇ ಹೇಳೋಣ ಅಂತಿದ್ದೆ, ಕೂಗಿ ಹೇಳೋ ಮಾತಲ್ಲ ಅದು. ಅದಕ್ಕೆ ಬರೀತಿದ್ದೀನಿ.

ಮಕ್ಕಳು ಸಾಲಾಗಿ ನಿಂತರಲ್ಲ, ಒಬ್ಬರ ಹೆಗಲು ಒಬ್ಬರು ಹಿಡಿದು. ಇವರು ಡಿಪೋದಿಂದ ತಂದ ಹಾರನ್ ಒತ್ತಿದರು. ಬಟಾಣಿ ಟಿಕೆಟ್ ನೋಡಿ ಮುಗಿಸಿದಳು. ಎಲ್ಲ ಸರಿ. ಆಗ ಗುಂಗುರು ಕೂದಲಿನ ಡ್ರೈವರ್ ಅಂದ, "ಹಸಿರು ಬಾವುಟ ಇಲ್ಲದೆ ನಾನು ಬಿಡೋ ಹಾಗಿಲ್ಲ." ಎಲ್ಲರೂ ಸ್ಟೂಲಿನ ಕಡೆ ತಿರುಗಿದರು. ಅದರ ಮೇಲೆ ಬಾವುಟ ಇತ್ತು, ಅವನಿಗೆ ಅಂತ ನಾನು ಹೊಲಿದ ಹತ್ತನೇ ಟೋಪಿ ಇತ್ತು. ಹಳೇ ಅಳತೆ ಚೀಟಿ ನೋಡಿಕೊಂಡು ಹೊಲಿದದ್ದು. ಹೋದ ವರ್ಷ ಇಬ್ಬರ ತಲೆಯೂ ಒಂದೇ ಅಳತೆ ಇತ್ತು.

ತಿಂಗಳಿಂದ ಬಟಾಣಿಯನ್ನ ಕೇಳ್ತಾ ಇದ್ದೆ, ಬಾವುಟ ಯಾರದ್ದು ಅಂತ. "ಯೋಚನೆ ಮಾಡ್ತಿದ್ದೀನಿ" ಅಂತಲೇ ತಳ್ಳಿಕೊಂಡು ಬಂದಿದ್ದಳು. ಈಗ ಅಷ್ಟೂ ಮಕ್ಕಳು ನನ್ನ ಮುಖ ನೋಡೋಕೆ ಶುರು ಮಾಡಿದರು. ಪಕ್ಕದ ಮೇಜಿನವಳೂ ಕಣ್ಣು ತುಂಬಿಕೊಂಡು ನೋಡ್ತಿದ್ದಳು. ನಾನೇ ಹೋಗಿ ಬಾವುಟ ತಗೋಬೇಕು ಅಂತ ಗೊತ್ತು, ಹೋಗಲಿಲ್ಲ. ಇವತ್ತಿಗೆ ಇದು ಇಲ್ಲೇ ಮುರಿದುಬೀಳತ್ತೆ, ಮಕ್ಕಳನ್ನೆಲ್ಲ ಮನೆಗೆ ಕಳಿಸಿಬಿಡೋದೇ ಸರಿ ಅಂದ್ಕೊಂಡೆ. ಇದೇ ದಿನಕ್ಕೆ ನಾನು ಹೆದರಿದ್ದು ಅಪ್ಪ, ಹೆದರಿದ ಹಾಗೇ ಆಗಿತ್ತು. ನೀವು ಇದೆಲ್ಲ ಆಟದಲ್ಲಿ ಸೇರಿದ್ದು ಅಂದ್ಕೊಂಡು ಅಲ್ಲಿಂದ ನಗ್ತಾ ಕೈ ಬೀಸಿದಿರಿ.

ಬಟಾಣಿ ಟಿಕೆಟ್ ಡಬ್ಬಿ ಕೆಳಗಿಟ್ಟು ಸ್ಟೂಲಿನ ಹತ್ತಿರ ಹೋದಳು.

"ಅದು ಪೀಪಿ ಜಾಗ ಅಲ್ವಾ? ಯಾರೂ ಮುಟ್ಟಬಾರದು ಅಂತ ನೀನೇ ಹೇಳಿದ್ದೆ" ಅಂದ ಡ್ರೈವರ್.

ನಿಮಗೆ ಗೊತ್ತಲ್ಲ, ಪೀಪಿ ಅವಳಿಗಿಂತ ಹನ್ನೊಂದು ನಿಮಿಷ ದೊಡ್ಡವನು. 'ಅಣ್ಣ' ಅಂತ ಕರೆದರೇ ಬಣ್ಣದ ಪೆನ್ಸಿಲ್ ಕೊಡೋದು ಅಂತ ಅವಳನ್ನ ಗೋಳು ಹೊಯ್ಕೊಳ್ತಿದ್ದ. ಅವಳು ಸತ್ತರೂ ಕರೀತಿರಲಿಲ್ಲ.

ಅವಳು ಆ ಹುಡುಗನಿಗೆ ಲೆಕ್ಕ ಹೇಳಿಕೊಡೋ ಹಾಗೆ ಹೇಳಿದಳು. "ನಿನ್ನೆವರೆಗೂ ಅವನು ನನಗೆ ಅಣ್ಣ ಆಗಿದ್ದ. ಅವನಿಗೆ ಏಳು ವರ್ಷ. ನನಗೆ ಇವತ್ತಿಂದ ಎಂಟು. ಇನ್ಮೇಲೆ ನಾನು ಅವನಿಗೆ ಅಕ್ಕ. ತಮ್ಮನಿಗೆ ಬರೋಕಾಗದೇ ಇದ್ದರೆ ಅವನ ಕೆಲಸ ಅಕ್ಕನೇ ನೋಡ್ಕೋಬೇಕು."

ಟೋಪಿ ಎತ್ತಿ ಹಾಕ್ಕೊಂಡಳು. ಬಿಗಿಯಾಯ್ತು. ಎರಡು ಕೈಯಲ್ಲಿ ಹಿಡಿದು ಕೆಳಗೆ ಎಳಕೊಂಡಳು. ಆಮೇಲೆ ನೀವು ಬರೆದ ಹುಡುಗನ ಕಡೆ ಒಂದು ಸಲ ತಿರುಗಿ ನೋಡಿ, ಹಸಿರು ಬಾವುಟ ಎತ್ತಿದಳು. ಅದಕ್ಕೇ ನೀವು ಚಪ್ಪಾಳೆ ತಟ್ಟಿದ್ದು.

ಇವತ್ತು ಕಾರ್ಖಾನೆಗೆ ಹೊಸಬಳೊಬ್ಬಳು ಸೇರಿದಳು. ಗುಂಡಿ ಹೊಲಿಯೋ ಮೆಷಿನ್ನಿಗೆ. ಊಟದ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು, ಎಷ್ಟು ಮಕ್ಕಳು ನಿಮಗೆ ಅಂತ ಕೇಳಿದಳು.

"ಇಬ್ಬರು" ಅಂದೆ. "ಮಗಳು ದೊಡ್ಡವಳು, ಎಂಟು ವರ್ಷ. ಮಗ ಚಿಕ್ಕವನು, ಅವನಿಗೆ ಏಳು."

ಅವಳು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಉಳಿದದ್ದನ್ನೂ ಹೇಳ್ತಿದ್ದೆ.

ನಿಮ್ಮ ಮಗಳು